ತೀರ್ಪುಗಾರ್ತಿಯ ಬಿಳಿ ಗ್ಲೋವ್ಸ್

ಎರಡು ವಾರದ ಗಣಿ ಪಾಳಿ ಮುಗಿಸಿ ಪರ್ತ್‌ಗೆ ಬಂದ ಮರುದಿನವೇ ಬೆಳಗಿನ ಜಾವ ಎದ್ದು ಮಗಳು ನಿವೇದಿತಾಳ ಬಿಳಿ ಪೋನಿ ಕುದುರೆಗೆ ಸ್ನಾನ ಮಾಡಿಸಿದೆ. ಅದನ್ನು ಗಾಡಿಗೆ ಕಟ್ಟುವ ತೊಗಲಿನ ಪಟ್ಟಿಗಳನ್ನು ಮುಖ ಕಾಣುವಷ್ಟು ಉಜ್ಜಿದೆ. ಪಾಳಿಯ ದಣಿವಿಗೆ ನನ್ನ ಮೈಯಲ್ಲಿ ಜೀವವಿರಲಿಲ್ಲ. ಅಂದಿನ ಪೋನಿಗಾಡಿ ಸ್ಪರ್ಧೆಯಲ್ಲಿ ಮಗಳು ಗಾಡಿಯನ್ನು ಚೆನ್ನಾಗಿಯೇ ಓಡಿಸಿದಳು. ಕೊನೆಗೆ ತೀರ್ಪುಗಾರ್ತಿ ಬಿಳಿ ಗ್ಲೋವ್ಸ್ ತೊಟ್ಟು ಪೋನಿಯ ಕಿವಿಯ ಹಿಂದೆ ಕೈಯಾಡಿಸಿದಾಗ ಬೆರಳು ಕಪ್ಪಾಯಿತು. ಕಾಡಿಗೆ. ಶುಚಿತನದ ಅಂಕಗಳು ಹೋದವು, ಬಹುಮಾನವೂ ಹೋಯಿತು.

ಮೋರ್ಲಿಯ ನಮ್ಮ ಮನೆಗೆ ವಾಪಸಾಗುವಾಗ ಕಾರಿನಲ್ಲಿ ಹೆಂಡತಿಯನ್ನು ಕೇಳಿದೆ, "ಕುದುರೆಗೂ ಯಾರಾದ್ರೂ ದೃಷ್ಟಿಬೊಟ್ಟು ಇಡ್ತಾರೇನೇ?"

"ನಾನಿಟ್ಟಿಲ್ಲ ರೀ" ಎಂದು ಅವಳು ಕಣ್ಣು ಮುಚ್ಚಿದಳು.

ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಹಿಂದಿನ ಸೀಟಿನಿಂದ ಕನ್ನಡದಲ್ಲೇ ಮೆಲ್ಲಗೆ ಹೇಳಿದಳು, "ಎಲ್ಲರೂ ನನ್ನ ಪೋನಿನೇ ನೋಡ್ತಾರಲ್ವಾ, ಅಪ್ಪ."