ನಲವತ್ತೇಳನೆಯ ಚೌಕ

ಸತ್ತ ಚೌಕದಲ್ಲಿ ಬೆಳಕು ಬರಬಾರದು. ಹನ್ನೆರಡು ದಿನ ನನ್ನ ತಲೆ ತಿಂದದ್ದು ಇದೊಂದೇ.

ದೂರದ ಪ್ರಯೋಗಶಾಲೆಯೊಂದರ ಕ್ಯಾಲೊರಿಮೀಟರಿಗೆ ನಾನು ಮುದ್ದೇಬಿಹಾಳದ ಮನೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ. ಕಣವೊಂದು ಬಡಿದಾಗ ಯಾವ ಚೌಕದಲ್ಲಿ ಎಷ್ಟು ಶಕ್ತಿ ಬಿತ್ತೆಂದು ಆ ಯಂತ್ರ ಅಳೆಯುತ್ತದೆ. ನನ್ನ ಸಿಮ್ಯುಲೇಶನ್ ಯಂತ್ರದ ಹಳೆಯ ಅಂಕಿಗಳಿಂದ ಕಲಿತು ಅದನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡಬೇಕು. ನಲವತ್ತೇಳನೆಯ ಚೌಕ ಸತ್ತಿದೆ, ಅಂದರೆ ಕೆಟ್ಟು ಏನನ್ನೂ ಅಳೆಯುತ್ತಿಲ್ಲ ಎಂದು ಪಟ್ಟಿಯಲ್ಲಿ ನಾನೇ ಬರೆದಿದ್ದೆ. ಅದರ ಒಂದು ಅಂಕಿಯನ್ನೂ ಸಿಮ್ಯುಲೇಶನ್‌ಗೆ ಕಲಿಸಿರಲಿಲ್ಲ. ಆದರೂ ಓಡಿಸಿದಾಗಲೆಲ್ಲ ಅಲ್ಲಿ ಸಣ್ಣಗೆ ಬೆಳಕು. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ನನ್ನ ಮೂರು ವರ್ಷದ ಕೆಲಸ ಕೈಬಿಡುತ್ತಿದ್ದರು.

ಮಧ್ಯಾಹ್ನ ಚಹಾ ತಂದ ಅಬ್ಬಾ ಪರದೆಯ ಮುಂದೆ ನಿಂತುಬಿಟ್ಟರು. ಅಬ್ಬಾ, ಅಂದರೆ ನನ್ನ ತಂದೆ ರಸೂಲಸಾಬರು, ಮುಳುಗಡೆ ಸರ್ವೆಯಲ್ಲಿದ್ದವರು. ಅಣೆಕಟ್ಟಿನ ಹಿನ್ನೀರು ಬರುವ ಮೊದಲು ಊರೂರು ತಿರುಗಿ ಮನೆಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದವರು. ಚೌಕಗಳ ಮೇಲೆ ಬೆರಳಿಟ್ಟು ಗೌಡರ ವಾಡೆ, ಮಸೀದಿ, ಬಾವಿ ಓಣಿ ಎನ್ನುತ್ತ ಹೋದರು. ಮುಳುಗಿದ ಊರಿನ ನಕ್ಷೆಯೇ ಅಂತೆ. ವಯಸ್ಸಾಯಿತು ಎಂದು ಒಳಗೇ ನಕ್ಕೆ. ಆಗ ಬೆರಳು ಆ ಬೆಳಕಿನ ಮೇಲೆ ನಿಂತಿತು.

"ನಂಬರ್ ನಲವತ್ತೇಳು. ಖಾಲಿ ಮನಿ ಅಂತ ನಾನ ಬರದಿದ್ದೆ," ಎಂದರು.

ಪರದೆಯ ಮೇಲೆ ಚೌಕಗಳ ನಂಬರ್ ಎಲ್ಲೂ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಆ ಮನೆಯಲ್ಲಿ ರಾಮವ್ವ ಎಂಬ ಮುದುಕಿ ಒಬ್ಬಳೇ ಇದ್ದಳಂತೆ. ಕೆಟ್ಟ ಬಿಸಿಲು, ಅಬ್ಬಾ ಓಣಿಯ ತುದಿಯಿಂದಲೇ ಕೂಗಿದರು, ಉತ್ತರ ಬರಲಿಲ್ಲ, ಖಾಲಿ ಎಂದು ಬರೆದು ನಡೆದರು. ನೀರು ಏರಿದ ಸಂಜೆ ಆ ಮನೆಯ ಬೆಳಕಿಂಡಿಯಿಂದ ಒಲೆಯ ಹೊಗೆ ಬರುತ್ತಿದ್ದುದನ್ನು ಕುರಿ ಕಾಯುವ ಮಾಳಿಂಗ ಕಂಡಿದ್ದನಂತೆ. ಇದನ್ನು ಅಬ್ಬಾ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಈ ಚೌಕವೂ ಸತ್ತಿದೆ ಎಂದು ಪಟ್ಟಿಯಲ್ಲಿದೆ ಅಬ್ಬಾ, ಎಂದೆ.

"ನೀ ಖುದ್ದ ನೋಡಿ ಬರದಿಯೇನು?"

ನೋಡಿರಲಿಲ್ಲ. ಯಾರೋ ಮೇಲ್‌ನಲ್ಲಿ ಹೇಳಿದ್ದರು, ಬರೆದಿದ್ದೆ. ಯಂತ್ರದಿಂದ ಬಂದ ಮೂಲ ಅಂಕಿಗಳನ್ನು ತೆರೆದೆ. ನಲವತ್ತೇಳು ಸತ್ತಿರಲೇ ಇಲ್ಲ. ಪ್ರತಿ ಸಲವೂ ಸಣ್ಣ ಅಂಕಿಯೊಂದು ಬಂದಿತ್ತು, ಸಿಮ್ಯುಲೇಶನ್ ತೋರಿಸಿದಷ್ಟೇ. ಕಲಿಸದೆ ಅದಕ್ಕೆ ಹೇಗೆ ಗೊತ್ತಾಯಿತೋ, ಇವತ್ತಿಗೂ ನನಗೆ ತಿಳಿಯದು.

ಪಟ್ಟಿಯಲ್ಲಿ ನಾನು ಬರೆದದ್ದನ್ನು ಅಳಿಸಿದೆ. ನನ್ನ ಕೆಲಸ ಉಳಿಯಿತು. ಚಹಾ ಆರಿಹೋಗಿತ್ತು, ಅಬ್ಬಾ ಇನ್ನೂ ಆ ಚೌಕವನ್ನೇ ನೋಡುತ್ತಿದ್ದರು.

"ನಂದೂ ಅಳಸಾಕ ಬರ್ತೈತೇನು, ಫರಹತ?"

ಬರುವುದಿಲ್ಲ ಎನ್ನುವ ಧೈರ್ಯ ನನಗಾಗಲಿಲ್ಲ.