ಕಲ್ಲುತೊಟ್ಟಿಯ ಮೊದಲ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಭಾವ ಹೇಳುತ್ತಾರೆ. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದವಳು ನಾನು. ಅದಕ್ಕಿಂತಲೂ ಹಳೆಯದು ಚರ್ಚಿನಲ್ಲಿ ಬಲಿಪೀಠದ ಬಟ್ಟೆ ಒಗೆಯುವ ಕೆಲಸ. ಅತ್ತೆ ಕಣ್ಣು ಮುಚ್ಚುವ ಮುಂಚೆ ನನ್ನ ಕೈಗೆ ಒಪ್ಪಿಸಿ ಹೋದದ್ದು ಅದೊಂದನ್ನೇ.

ಬಲಿಪೀಠದ ಹಿಂದಿನ ಕೋಣೆಯಲ್ಲಿ ಒಂದು ಕಲ್ಲುತೊಟ್ಟಿಯಿದೆ, ಪಕ್ಕದಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ. ಆ ತೊಟ್ಟಿಗೆ ಬಲಿಪೀಠದ ಬಟ್ಟೆಯಲ್ಲದೆ ಬೇರೇನೂ ಬೀಳಬಾರದು. ಮೊದಲ ಸಲ ಜಾಲಾಡಿದ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಹೊತ್ತುಕೊಂಡು ಹೋಗಿ ಹಿತ್ತಲಿನ ಮರದ ಬುಡಕ್ಕೆ ಸುರಿಯಬೇಕು. ದೇವರನ್ನು ಮುಟ್ಟಿದ ನೀರು ಮಣ್ಣಿಗೇ ಸೇರಬೇಕು ಎನ್ನುತ್ತಿದ್ದರು ಅತ್ತೆ. ನಲವತ್ತು ವರ್ಷದಲ್ಲಿ ಒಂದು ದಿನವೂ ನಾನು ಇದನ್ನು ತಪ್ಪಿಸಿಲ್ಲ.

ಚರ್ಚಿಗೆ ಬರುವವರು ಮಾತ್ರ ಬರಬರುತ್ತಾ ಇಪ್ಪತ್ತು ಮಂದಿಗೆ ಇಳಿದಿದ್ದರು. ಅವರಲ್ಲೂ ಅರ್ಧ ಜನಕ್ಕೆ ಕಿವಿ ಮಂದ. ಹೊಸದಾಗಿ ಬಂದ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು. ಚರ್ಚಿಗೆ ಮತ್ತೆ ಜೀವ ತುಂಬಬೇಕು ಎಂದು ವಾರಕ್ಕೊಂದು ಸಭೆ ಕರೆಯುತ್ತಿದ್ದರು. ನಾವು ಹೋಗಿ ಕೂತು, ಚಹಾ ಕುಡಿದು, ತಲೆಯಾಡಿಸಿ ಎದ್ದು ಬರುತ್ತಿದ್ದೆವು.

ಈ ವರ್ಷ ಹೊಳೆ ಮತ್ತೆ ಉಕ್ಕಿತು. ಮೂರು ವರ್ಷದಲ್ಲಿ ಎರಡನೇ ಸಲ ಕೆಳಗಿನ ಪೇಟೆ ಮುಳುಗಿತು. ಅಲ್ಲಿನ ಅರವತ್ತಮೂರು ಜನರನ್ನು ಫಾದರ್ ನಮ್ಮ ಶಾಲೆಯ ಹಾಲ್‌ಗೆ ಕರೆತಂದರು. ಎಲ್ಲರೂ ಉಟ್ಟ ಬಟ್ಟೆಯಲ್ಲೇ ಬಂದವರು.

ಮೂರನೇ ದಿನ ಅವರಲ್ಲೊಬ್ಬಳು ಕೂಸನ್ನೆತ್ತಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು. ಕೂಸಿನ ಬೆರಳ ಸಂದಿಯಲ್ಲೆಲ್ಲ ಕೆಂಪು ಗುಳ್ಳೆ. ಅದರ ಬಟ್ಟೆ ಒಗೆಯಲು ಒಂದು ಬಕೆಟ್ ಬಿಸಿನೀರು ಸಿಗುತ್ತದೆಯೇ ಎಂದು ಕೇಳಿದಳು. ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಇದು ದೇವರ ಕೆಲಸದ ನೀರು, ಬೇರೆ ಕಡೆ ನೋಡಿಕೋ ಎಂದು ಬಾಗಿಲು ಹಾಕಿಕೊಂಡೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಕಳೆದವಳಿಗೆ ಅದು ಕಜ್ಜಿ ಎಂದು ಗೊತ್ತಾಗಲಿಲ್ಲವೇ? ಗೊತ್ತಾಯಿತು. ಗೊತ್ತಿದ್ದೇ ಬಾಗಿಲು ಹಾಕಿದೆ.

ಮೂರು ವಾರದಲ್ಲಿ ಹಾಲ್ ತುಂಬ ಕಜ್ಜಿ ಹಬ್ಬಿತು. ಶುಕ್ರವಾರ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದು ಖಡಾಖಂಡಿತವಾಗಿ ಹೇಳಿದರು. ಎಲ್ಲರೂ ಒಂದೇ ರಾತ್ರಿ ಮುಲಾಮು ಹಚ್ಚಿಕೊಂಡು ಬೆಳಿಗ್ಗೆ ಸ್ನಾನ ಮಾಡಬೇಕು, ಎಲ್ಲರ ಬಟ್ಟೆಯೂ ಅಂದೇ ಕುದಿಯುವ ನೀರಿಗೆ ಬೀಳಬೇಕು. ಒಬ್ಬರದು ಉಳಿದರೂ ಮತ್ತೆ ಎಲ್ಲರಿಗೂ ಹತ್ತುತ್ತದೆ. ಸೋಮವಾರದೊಳಗೆ ಇದಾಗದಿದ್ದರೆ ಹಾಲ್ ಖಾಲಿ ಮಾಡಿಸಿ, ಗಂಡಸರನ್ನು ಒಂದು ಕಡೆ, ತಾಯಿ ಮಕ್ಕಳನ್ನು ಒಂದು ಕಡೆ, ಮುದುಕರನ್ನು ಬೇರೆ ಊರಿಗೇ ಕಳಿಸುತ್ತಾರಂತೆ. ಕೂಸಿನ ಅಪ್ಪ ಗೋಡೆಗೊರಗಿ ಕೂತಿದ್ದ. ಮನೆ ಹೊಳೆಪಾಲಾದ ಮೇಲೆ ಅವನಿಗೆ ಉಳಿದದ್ದು ಈ ಹೆಂಡತಿ, ಈ ಕೂಸು, ಮುದಿ ಅಪ್ಪ, ಇಷ್ಟೇ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ನಾಲ್ಕು ಬೈದಿದ್ದರೂ ವಾಸಿಯಿತ್ತು.

ಸೀದಾ ಫಾದರ್ ಹತ್ತಿರ ಹೋಗಿ ನಾನು ಮಾಡಿದ್ದನ್ನು ಹೇಳಿಕೊಂಡೆ. ಭಾನುವಾರ ಬೆಳಿಗ್ಗೆ ತೊಟ್ಟಿಯೂ ಹಂಡೆಯೂ ನನಗೆ ಬೇಕು, ಬಲಿಪೂಜೆಗೆ ಬರುವುದಿಲ್ಲ ಎಂದೆ. ಅವರು ಉಪದೇಶ ಮಾಡಲಿಲ್ಲ, ಸೌದೆ ಎಷ್ಟು ಬೇಕಾಗುತ್ತದೆ ಎಂದು ಕೇಳಿದರು. ಅಂದಿನಿಂದ ಆ ಹುಡುಗನ ಮೇಲೆ ನನಗೆ ಗೌರವ.

ಹಾಸಿಗೆ ಕಂಬಳಿಗಳನ್ನೆಲ್ಲ ಒಗೆಯುವುದು ಆಗದ ಮಾತು. ಅದಕ್ಕೆ ಲಾಂಡ್ರಿಯ ಉಪಾಯವಿತ್ತು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ವಾರ ಇಟ್ಟರೆ, ಮನುಷ್ಯರ ಮೈ ಸಿಗದೆ ಕಜ್ಜಿಯ ಹುಳ ತಾನಾಗಿಯೇ ಸಾಯುತ್ತದೆ. ಉಳಿದದ್ದು ತೊಡುವ ಬಟ್ಟೆ. ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ನಿಂತು ಎಲ್ಲರಿಗೂ ಇದನ್ನು ವಿವರಿಸಿ, ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಆಗ ಆ ಕೂಸಿನ ತಾಯಿ ಬಾಯಿ ಬಿಟ್ಟಳು.

"ಎಲ್ಲಾನೂ ಕುದಿಯೋ ನೀರಿಗೆ ಹಾಕ್ತೀರಿ, ಸರಿ. ಅದು ಒಣಗೋವರೆಗೂ ನಾವು ಏನು ಉಟ್ಕೋಬೇಕು?"

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆಸ್ಪತ್ರೆಯಲ್ಲಾದರೆ ಬದಲಿ ಬಟ್ಟೆ ಯಾವಾಗಲೂ ಕಪಾಟಿನಲ್ಲಿ ಇರುತ್ತಿತ್ತು. ಇಲ್ಲಿ ಯಾರೋ ಕೊಟ್ಟ ಹಳೆಬಟ್ಟೆಗಳನ್ನೂ ಇವರು ಆಗಲೇ ಅದಲುಬದಲು ಮಾಡಿ ತೊಟ್ಟು, ಅವಕ್ಕೂ ಕಜ್ಜಿ ಹತ್ತಿತ್ತು. ಶುಚಿಯಾದ ಬಟ್ಟೆ ತುಂಬಿದ ಕಪಾಟು ಇದ್ದದ್ದು ಒಂದೇ. ಅದರಲ್ಲಿ ಗಾಯನ ತಂಡದ ನಲವತ್ತೆಂಟು ಬಿಳಿ ನಿಲುವಂಗಿಗಳಿದ್ದವು. ತಂಡದಲ್ಲಿ ಈಗ ಉಳಿದವರು ಐದು ಜನ. ಕೀಲಿ ಭಾವನ ಜೇಬಿನಲ್ಲಿ.

ಭಾವ ಎಂದರೆ ತೀರಿಹೋದ ನನ್ನ ಗಂಡನ ಅಣ್ಣ, ಗಾಯನ ತಂಡವನ್ನು ಹಾಡಿಸುವವರು, ಮುಖಕ್ಕೂ ಇಸ್ತ್ರಿ ಹಾಕಿಕೊಂಡಂತೆ ಇರುವವರು. ಸುತಾರಾಂ ಒಪ್ಪಲಿಲ್ಲ. ಅವು ಆರಾಧನೆಯ ಬಟ್ಟೆಗಳು, ಎಲ್ಲರ ಮೈಗೆ ಹಾಕುವುದಕ್ಕಲ್ಲ ಎಂದರು. ಆಮೇಲೆ ನನ್ನನ್ನೇ ಹಿಡಿದುಕೊಂಡರು.

"ತೊಟ್ಟಿ ಮೇಲೆ ಬೇರೆಯವರ ನೆರಳೂ ಬೀಳಬಾರದು ಅಂತಿದ್ದವಳು ನೀನೇ ಅಲ್ವೇನಮ್ಮ?"

"ನಾನೇ ಭಾವ. ಅದಕ್ಕೇ ಇವತ್ತು ಅಷ್ಟು ಜನ ಕೆರ್ಕೊಂಡು ಕೂತಿದ್ದಾರೆ. ಸೋಮವಾರ ಆ ಕೂಸನ್ನ ಅಪ್ಪನಿಂದ ಬೇರೆ ಮಾಡಿದ್ರೆ ಅದು ನಾನು ಮಾಡಿದ್ದು. ಕೀಲಿ ಕೊಡಿ. ಇಲ್ಲಾಂದ್ರೆ ಕಪಾಟಿನ ಬಾಗಿಲು ಮುರೀತೀನಿ."

ಮುರಿಯುವವಳೇ ಎಂದು ಅವರಿಗೆ ಗೊತ್ತು. ಕೀಲಿ ಕೊಟ್ಟರು. ಒಂದೊಂದಕ್ಕೂ ನಂಬರ್ ಇದೆ, ಕಲಸಬೇಡ ಎಂದು ಗೊಣಗಿಕೊಂಡೇ ಕೊಟ್ಟರು.

ಆ ರಾತ್ರಿ ಎಲ್ಲರೂ ಮುಲಾಮು ಹಚ್ಚಿಕೊಂಡು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿದರು. ನಿಲುವಂಗಿ ಸಾಲದೆ ಉಳಿದ ಹದಿನೈದು ಜನರಲ್ಲಿ ದೊಡ್ಡವರಿಗೆ ಕಿಟಕಿಯ ಪರದೆ ಇಳಿಸಿದೆವು, ಮಕ್ಕಳಿಗೆ ಬಲಿಪೀಠದ ಬಟ್ಟೆ ಸುತ್ತಿದೆವು. ಅತ್ತೆ ಕಸೂತಿ ಹಾಕಿದ್ದ, ದೊಡ್ಡ ಆರಾಧನೆಗಳಿಗೆ ಮಾತ್ರ ತೆಗೆಯುತ್ತಿದ್ದ ಬಟ್ಟೆಯನ್ನು ಆ ಕೂಸಿಗೆ ಕೊಟ್ಟೆ. ಫಾದರ್ ಬಟ್ಟೆಯಿಲ್ಲದ ಬೋಳು ಬಲಿಪೀಠದ ಮೇಲೆ ಬಲಿಪೂಜೆ ಮಾಡಿದರು.

ಹಾಲ್ ಗುಡಿಸಿ ತೊಳೆಯುತ್ತಿದ್ದರಿಂದ ಸ್ನಾನವಾದವರನ್ನೆಲ್ಲ ಚರ್ಚಿನೊಳಗೇ ಕೂರಿಸಿದ್ದರು. ನಾನು ಹಿಂದಿನ ಕೋಣೆಯಲ್ಲಿ ಸೊಂಟ ಕಟ್ಟಿ ತೊಟ್ಟಿಯಲ್ಲಿ ಒಗೆಯಲು ನಿಂತಿದ್ದೆ. ಗೋಡೆಯಾಚೆ ಭಾವನ ದನಿ ಕೇಳಿಸಿತು. ಅಷ್ಟು ನಿಲುವಂಗಿಗಳು ಒಟ್ಟಿಗೆ ಕಣ್ಣಿಗೆ ಬಿದ್ದ ಮೇಲೆ ಆ ಮನುಷ್ಯ ಸುಮ್ಮನಿರುವುದುಂಟೇ? ನಿಲುವಂಗಿ ತೊಟ್ಟವರೆಲ್ಲ ನಿಂತು ಹಾಡಬೇಕು ಎಂದು ಹಠ ಹಿಡಿದು, ಒಂದೊಂದೇ ಸಾಲು ಹೇಳಿಕೊಡುತ್ತಿದ್ದರು. ಆ ಜನ ತಪ್ಪುತ್ತಿದ್ದರು, ನಗುತ್ತಿದ್ದರು, ಮತ್ತೆ ಹಾಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಸೋಪು ತಾಗಿತು ಎಂದುಕೊಂಡು ಒರೆಸಿಕೊಂಡೆ.

ತಿರುಗಿ ನೋಡಿದರೆ ಕೂಸಿನ ತಾಯಿ ನಿಂತಿದ್ದಳು. ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದಳು. ಕೂಸು ಅಪ್ಪನ ಹತ್ತಿರ ಎಂದಳು. ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ.

"ಆವತ್ತು ನಾನು ತಪ್ಪು ಮಾಡ್ದೆ, ಮಗಳೇ."

"ಹೌದು, ಮಾಡಿದ್ರಿ," ಎಂದಳು. ಪರವಾಗಿಲ್ಲ ಬಿಡಿ ಎನ್ನಲಿಲ್ಲ. ತೊಟ್ಟಿಯಿಂದ ಒಂದು ಒದ್ದೆ ಪಂಚೆ ಎತ್ತಿ, ಹಿಂಡಲು ಅದರ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು. ಎರಡು ಗಂಟೆಯ ಹೊತ್ತಿಗೆ ಅರವತ್ತಮೂರು ಜನರ ಬಟ್ಟೆಯೂ ಹಗ್ಗದ ಮೇಲಿತ್ತು. ಪುಣ್ಯಕ್ಕೆ ಬಿಸಿಲೂ ಕೈಕೊಡಲಿಲ್ಲ.

ಸೋಮವಾರ ನರ್ಸಮ್ಮ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ನೋಡಿದರು, ಕಟ್ಟಿಟ್ಟ ಚೀಲಗಳನ್ನೂ ನೋಡಿದರು. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಬರೆದು ಸಹಿ ಹಾಕಿದರು. ಇಷ್ಟನ್ನು ಒಗೆದವರು ಯಾರು ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಅವಳೇ "ನಾವಿಬ್ರು" ಎಂದಳು.

ಅವರು ಹೋದ ಮೇಲೆ ಅವಳು ಅತ್ತೆಯ ಕಸೂತಿ ಬಟ್ಟೆಯನ್ನು ಹಿಂದಿರುಗಿಸಲು ಬಂದಳು. ಕೂಸು ಅದರಲ್ಲಿ ಉಚ್ಚೆ ಹೊಯ್ದಿತ್ತು, ಅವಳು ನಾಚಿಕೊಂಡು ಮಡಚಿ ಹಿಡಿದಿದ್ದಳು. ನಾನು ಅದನ್ನು ಬಿಡಿಸಿ ತೊಟ್ಟಿಗೆ ಹಾಕಿದೆ. ಅವಳ ಹೆಗಲ ಮೇಲಿದ್ದ ಕೂಸಿನ ಅಂಗಿಯನ್ನೂ ಕಸಿದುಕೊಂಡು ಅದರ ಜೊತೆಗೇ ಹಾಕಿದೆ. ಜಾಲಾಡಿ, ಮೊದಲ ನೀರನ್ನು ಬಕೆಟ್ಟಿಗೆ ತುಂಬಿಕೊಂಡು ಹೊರಗೆ ಹೊರಟೆ.

"ಚರಂಡಿ ಇಲ್ಲೇ ಇದೆಯಲ್ಲಮ್ಮ?" ಎಂದಳು.

"ಈ ನೀರು ಚರಂಡಿಗಲ್ಲ. ಮರಕ್ಕೆ."

ಬಕೆಟ್ ಭಾರವಿತ್ತು, ಅವಳು ಹಿಡಿಯ ಇನ್ನೊಂದು ಬದಿಗೆ ಕೈ ಕೊಟ್ಟಳು.