ವಾರಕ್ಕೊಂದು ಪುಡಿ

ರವಿಕೆಯ ಎಡತೋಳು ಮಾದೇವಿಯ ಬಾತ ಕೈಯಿಂದ ಕೆಳಗಿಳಿಯಲಿಲ್ಲ. ಕಮಲಿ ಎರಡು ಸಲ ಎಳೆದು ನೋಡಿ ಕೈಬಿಟ್ಟಳು.

"ಕತ್ರಿ ಕೊಡು ಸುಚಿತಾ."

ಮಾದೇವಿಯ ಸೊಸೆ ಸುಚಿತಾ ಒಳಗಿನಿಂದ ಕತ್ತರಿ ತಂದಳು. ಕಮಲಿ ತೋಳಿನ ಅಂಚಿಗೆ ಅದರ ತುದಿ ತೂರಿಸಿ ಕತ್ತರಿಸತೊಡಗಿದಾಗ ನೆರೆಮನೆಯ ಗಣಪಿ "ಮೆಲ್ಲಗೆ, ಮೆಲ್ಲಗೆ" ಎಂದಳು. ಹೇಳಿದ ಮೇಲೆ ಇನ್ನು ಯಾರಿಗೆ ನೋವಾಗಬೇಕು ಎಂದು ತನಗೇ ಹೊಳೆದು ಸುಮ್ಮನಾದಳು.

ಮಾದೇವಿ ಆ ದಿನ ಬೆಳಗ್ಗೆ ಏಳೂವರೆಗೆ ಹೋಗಿದ್ದಳು. ಎರಡು ಚಮಚ ಗಂಜಿತಿಳಿ ಕುಡಿದು, ಸಾಕು ಎಂಬಂತೆ ಕೈ ಅಡ್ಡ ಹಿಡಿದು, ಮುಖ ಗೋಡೆಗೆ ತಿರುಗಿಸಿಕೊಂಡವಳು ಮತ್ತೆ ತಿರುಗಲಿಲ್ಲ. ಐವತ್ತಮೂರು ವರ್ಷ. ಈಗ ಹಿಂದಿನ ಜಗಲಿಯಲ್ಲಿ, ಹಲಗೆಯ ಮೇಲೆ ಮಲಗಿಸಿ ಹೆಂಗಸರು ಮೀಯಿಸುತ್ತಿದ್ದರು. ಕಮಲಿ ಅವಳ ಗಂಡ ದಾಸನ ತಂಗಿ. ನಾದಿನಿಯಾಗಿ ಇಪ್ಪತ್ತು ವರ್ಷ ಅವಳ ಜೊತೆ ಮೀನು ಒಣಗಿಸಿದವಳು.

"ಗಂಡನ ಮುಂದೆ ಹೋತು. ಮುತ್ತೈದೆ ಸಾವು, ಪುಣ್ಯ ಮಾಡಿತ್ತು," ಎಂದಳು ಗಣಪಿ.

ಕಮಲಿ ಎದೆಯ ಮೇಲಿನ ಬ್ಯಾಂಡೇಜು ಬಿಚ್ಚಿದಳು. ಗಣಪಿ ಸೆರಗು ಮೂಗಿಗೊತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ದೇವ್ರೆ! ಇಷ್ಟ್ ಆಗೂ ತನಕ ಮನೇಲಿ ಯಾರಿಗೂ ಗೊತ್ತಾಗ್ಲಿಲ್ವ?"

ಸುಚಿತಾ ತಲೆ ತಗ್ಗಿಸಿದಳು. ಉತ್ತರ ಬಂದದ್ದು ಬಾಗಿಲಿನಿಂದ. ಮಾದೇವಿಯ ಮಗಳು ದೀಪಿಕಾ ಅರಿಶಿನದ ಬಟ್ಟಲು ಹಿಡಿದು ಅಲ್ಲಿ ನಿಂತಿದ್ದಳು.

"ಗೊತ್ತಾಗ್ಬೇಕಾದದ್ದು ನಂಗೆ," ಎಂದಳು. "ಕುಮಟೇಲಿ ದಿನಾ ಮೆಡಿಕಲ್ ಶಾಪಲ್ಲಿ ನಿಲ್ಲೋಳು ನಾನು."

ಕಮಲಿ ತಂಬಿಗೆಯನ್ನು ಹಂಡೆಗೆ ಅದ್ದಿದಳು. ನೀರು ಕಾಲಿನ ಮೇಲೆ ಬೀಳಬೇಕಾದದ್ದು ಹಲಗೆಯ ಪಕ್ಕ ಬಿತ್ತು.

*

ಎರಡು ವರ್ಷದ ಹಿಂದೆ, ಮಗ ದಿನೇಶನ ಮದುವೆಗೆ ನಾಲ್ಕು ದಿನ ಇರುವಾಗ, ಭುಜ ಹಿಡಿದುಕೊಂಡಿದೆ ಎಂದು ಮಾದೇವಿ ಕಮಲಿಯ ಮನೆಗೆ ಬಂದಿದ್ದಳು. ಕಮಲಿ ಕೊಬ್ಬರಿ ಎಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು. ಮದುವೆಗೆ ಕರೆಯಲು ಹೋದಾಗ ಯಾರ್‍ಯಾರು ಹೇಗೆ ಮುಖ ಮಾಡಿದರು ಎಂದು ಮಾದೇವಿ ಅಭಿನಯಿಸಿ ತೋರಿಸುತ್ತಿದ್ದಳು. ಕರ್ಕಿಯ ಕಡೆ ಯಕ್ಷಗಾನದ ಆಟವಾದರೆ ಬಿಡದೆ ಹೋಗಿ, ಮರುದಿನ ಹಾಸ್ಯಗಾರನ ನಡಿಗೆಯನ್ನು ಮೀನಿನ ಬುಟ್ಟಿ ಹೊತ್ತೇ ನಡೆದು ತೋರಿಸುವವಳು ಅವಳು. ನಗಿಸುತ್ತಿದ್ದವಳು ನಡುವೆ ಒಮ್ಮೆಲೆ ನಿಲ್ಲಿಸಿ, ಕಮಲಿಯ ಎಣ್ಣೆಗೈಯನ್ನು ಹಿಡಿದು ಎಡಮೊಲೆಯ ಬದಿಗೆ ಒತ್ತಿಕೊಂಡಳು.

"ಇಲ್ಲಿ ನೋಡು. ಎಂತದು?"

ಗೇರುಬೀಜದಷ್ಟು ದೊಡ್ಡದು. ಬೆರಳಿಗೆ ಜಾರುತ್ತಿರಲಿಲ್ಲ.

"ನೋವುಂಟಾ?"

"ಇಲ್ಲ. ನೋವಿದ್ರೆ ಹೆದರ್ತಿರ್ಲಿಲ್ಲ."

"ನಾಳೆನೇ ಹೊನ್ನಾವರಕ್ಕೆ ಹೋಗ್ವ ಅತ್ತಿಗೆ."

"ಮದ್ವೆ ಮುಗೀಲಿ."

ಮದುವೆ ಮುಗಿಯಿತು. ಮಳೆಗಾಲ ಕಳೆಯಲಿ ಎಂದಳು. ಮಳೆಗಾಲ ಕಳೆಯುವ ಹೊತ್ತಿಗೆ ದೀಪಿಕಾಳನ್ನು ಕೇಳಿಕೊಂಡು ಅಂಕೋಲೆಯಿಂದ ಜನ ಬಂದು ಹೋಗಿದ್ದರು. ಕಮಲಿ ಮತ್ತೆ ಮಾತೆತ್ತಿದಾಗ ಮಾದೇವಿ ಸಿಡುಕಿದಳು.

"ತಾಯಿಗೆ ಈ ರೋಗ ಅಂದ್ರೆ ಮಗಳ್ನ ಯಾರು ತಕಂಡು ಹೋಗ್ತಾರೆ? ನಾಳೆ ಅದ್ಕೂ ಬರ್ತದೆ ಅಂತಾರೆ. ಅದೊಂದು ದಡ ಮುಟ್ಲಿ, ನಾ ಎಲ್ಲಿಗೆ ಬೇಕಾದ್ರೂ ಬತ್ತೆ. ಯಾರಿಗೂ ಹೇಳೂದಿಲ್ಲ ಅಂತ ನನ್ನ ತಲೆ ಮುಟ್ಟು."

ಕಮಲಿ ಮುಟ್ಟಿದಳು. ಅಂಕೋಲೆಯವರು ಮತ್ತೆ ಬರಲಿಲ್ಲ. ಬೇರೆ ಕಡೆ ಹುಡುಗಿ ನೋಡಿದರೆಂದು ಸುದ್ದಿ ಬಂತು. ಆದರೆ ಇಟ್ಟ ಆಣೆ ಹಾಗೆಯೇ ಉಳಿಯಿತು. ಅಂಕೋಲೆ ಅಲ್ಲದಿದ್ದರೆ ಇನ್ನೊಂದು ಊರು ಎಂದು ಮಾದೇವಿ ಕಾಯುತ್ತಲೇ ಇದ್ದಳು.

*

ಅಂಗಳದಲ್ಲಿ ಗಂಡಸರು ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಮಾದೇವಿಯನ್ನು ಹಸಿರು ಸೀರೆ ಉಡಿಸಿ, ಹಣೆಗೆ ಅಗಲ ಕುಂಕುಮವಿಟ್ಟು ಚಾವಡಿಯಲ್ಲಿ ಮಲಗಿಸಿದ್ದರು. ಕರ್ಕಿಯಿಂದ ಬಂದ ವಯಸ್ಸಾದ ಹೆಂಗಸೊಬ್ಬಳು ಪಾದದ ಬಳಿ ಹೂವಿಟ್ಟು ಕೂತಳು. ಮನೆಯವರಿಗೆ ಅವಳ ಗುರುತಿರಲಿಲ್ಲ.

"ಇಪ್ಪತ್ತು ವರ್ಷ ನಮ್ಮನೆಗೆ ಒಣಮೀನು ತಂದ್ಲು," ಎಂದು ತಾನೇ ಹೇಳಿಕೊಂಡಳು. "ಬುಟ್ಟಿ ಇಳಿಸಿ ಮೊದ್ಲು ಒಂದು ಚೊಂಬು ನೀರು ಕುಡೀತಿದ್ಲು. ಆಮೇಲೆ ಮೀನು, ಆಮೇಲೆ ಊರಿನ ಸುದ್ದಿ. ಕೊಟ್ಟ ಮೇಲೆ ಇನ್ನೊಂದು ಮುಷ್ಟಿ ಹಾಕ್ದೆ ಹೋಗ್ತಿರ್ಲಿಲ್ಲ. ಏಳೆಂಟು ವರ್ಷದಿಂದ ಬರೂದು ನಿಲ್ಸಿದ್ಲು."

"ಶೆಡ್ಡಿಗೆ ಹೋಗ್ತಿತ್ತು," ಎಂದ ದಾಸ. ಬಲೆಯ ರಾಶಿಗೆ ಒರಗಿ ಕೂತವನು ಬೆಳಗಿನಿಂದ ಆಡಿದ ಮೊದಲ ಮಾತು ಅದು. "ಶೆಟ್ಲಿ ಸುಲಿಯೂಕೆ."

ಮೀನು ಒಣಗಿಸುವ ಮರಳಿನ ದಂಡೆ ವರ್ಷದಿಂದ ವರ್ಷಕ್ಕೆ ಕಿರಿದಾದಾಗ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಸೀಗಡಿ ಸುಲಿಯುವ ಶೆಡ್ಡು ಸೇರಿದ್ದರು. ಸೂರ್ಯ ಏಳುವ ಮೊದಲು ವ್ಯಾನು ಬರುತ್ತಿತ್ತು. ಇಳಿಸಿ ಹೋಗುವಾಗ ಸೂರ್ಯ ಮುಳುಗಿರುತ್ತಿದ್ದ. ನಡುವಿನದ್ದೆಲ್ಲ ಐಸು, ಟ್ಯೂಬ್‌ಲೈಟು, ಒದ್ದೆ ನೆಲ.

ದಿನೇಶನ ಜೊತೆ ಬೋಟಿಗೆ ಹೋಗುವ ಪಾಂಡು ಹಗ್ಗ ಬಿಗಿಯುತ್ತಲೇ ಹೇಳಿದ: "ಆ ಪೇಟೆ ಡಾಕ್ಟ್ರನ್ನ ಒಂದ್ಸಲ ಕೇಳ್ದೆ ಬಿಡೂಕಾಗ. ಬೆನ್ನು ನೋವು ಅಂತ ಹೋದ್ರೆ, ಕ್ಯಾನ್ಸರ್ ಇದ್ದವ್ರಿಗೆ ವಿಟಮಿನ್ ಡಿ ಕಮ್ಮಿ ಅಂತ ಪುಡಿ ತಿನ್ಸಿದ್ನಲ್ಲ! ಬಿಸಿಲಲ್ಲೇ ಹುಟ್ಟಿ ಬೆಳ್ದವ್ರಿಗೆ ಬಿಸಿಲು ಕಮ್ಮಿ ಅಂದ್ರೆ ಯಾರಾರೂ ನಂಬ್ತಾರಾ?"

"ಕಮ್ಮಿ ಇದ್ದದ್ದು ಸುಳ್ಳಲ್ಲ," ಎಂದ ದಿನೇಶ. "ಮಂಗ್ಳೂರ್ ಆಸ್ಪತ್ರೇಲಿ ಮತ್ತೆ ರಕ್ತ ನೋಡಿರು. ನಾನೇ ಕೇಳಿದೆ, ಅದು ಕಮ್ಮಿ ಆದದ್ಕೇ ಇದು ಬಂತಾ ಅಂತ. ಈ ರೋಗ ಇದ್ದ ಸುಮಾರು ಹೆಂಗಸ್ರಲ್ಲಿ ಅದು ಕಮ್ಮಿ ಇರ್ತದೆ, ಆದ್ರೆ ಅದ್ರಿಂದಲೇ ಇದು ಬಂತು ಅಂತ ಹೇಳೂಕಾಗೂದಿಲ್ಲ ಅಂದ್ರು. ಬೆನ್ನು ನೋವು ಮಾತ್ರ ವಿಟಮಿನ್ನಿಂದಲ್ಲ. ಮೂಳೆಗೆ ಇಳಿದಿತ್ತು."

"ಅದೇ ಹೇಳೂದು ನಾನು. ಇಂವ ಎದೆ ನೋಡ್ಬೇಕಿತ್ತು."

"ಡಾಕ್ಟ್ರನ್ನ ಎಂತಕ್ಕೆ ಕೇಳ್ತೆ ಪಾಂಡು?" ದೀಪಿಕಾ ಚಾವಡಿಯಿಂದ ಹೇಳಿದಳು. ಅವಳ ದನಿ ಏರಿರಲಿಲ್ಲ, ಅದಕ್ಕೇ ಎಲ್ಲರೂ ತಿರುಗಿದರು. "ಅವ್ರು ಬರ್ದದ್ದು ಎಂಟು ವಾರಕ್ಕೆ. ಎಂಟು ವಾರ ಆದ್ಮೇಲೂ ನೋವಿದ್ರೆ ಬಾ ಅಂದಿದ್ರು. ನಾ ಕರ್ಕಂಡು ಹೋಗ್ಲಿಲ್ಲ. ಚೀಟಿ ಇಲ್ದೆ ಮತ್ತೆಂಟು ಪುಡಿ ಅಂಗ್ಡಿಂದ ನಾನೇ ತಂದೆ."

ಪಾಂಡು ಹಗ್ಗ ಬಿಟ್ಟು ನಿಂತ. ದಾಸ ಮಗಳತ್ತ ಕೈ ಚಾಚಿದ, ಅವಳು ನೋಡಲಿಲ್ಲ. ಕಮಲಿ ಗೋಡೆ ಹಿಡಿದು ಕೂತಿದ್ದಳು. ಇಷ್ಟು ಜನರ ನಡುವೆ, ಕುಂಕುಮವಿಟ್ಟ ಆ ಮುಖದ ಎದುರು, ನಾಲಗೆ ಏಳಲಿಲ್ಲ.

*

ಏಳೆಂಟು ತಿಂಗಳ ಹಿಂದೆ, ಬೆನ್ನು ನೋವಿಗೆಂದು ಮಾಡಿಸಿದ ರಕ್ತದ ರಿಪೋರ್ಟು ಬಂದ ದಿನ ಮಾತ್ರ ಮನೆಯಲ್ಲಿ ನಗು ಇತ್ತು. ಮೂವತ್ತರ ಮೇಲಿರಬೇಕಾದದ್ದು ಒಂಬತ್ತು ಇತ್ತು. "ಅಮ್ಮಾ, ನಿಂಗೆ ಬಿಸಿಲು ಸಾಲೂದಿಲ್ವಂತೆ!" ಎಂದು ದೀಪಿಕಾ ಓದಿ ಹೇಳಿದಾಗ ಮಾದೇವಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಭಾನುವಾರ ಮಗಳು ಮೊದಲ ಪುಡಿಯನ್ನು ಹಾಲಿನಲ್ಲಿ ಕದಡಿ ಕೊಟ್ಟಳು. ಅದನ್ನು ಕುಡಿದು ಮಾದೇವಿ ನೇರ ಕಮಲಿಯ ಮನೆಗೆ ನಡೆದಳು, ಸೊಂಟ ಹಿಡಿದುಕೊಂಡು.

"ಕಮಲೀ, ವಿಟಮಿನ್ನಂತೆ. ಬರೀ ವಿಟಮಿನ್ನು!"

"ಎದೆದು ಹೇಳಿದ್ಯಾ ಡಾಕ್ಟ್ರಿಗೆ?"

"ಬೆನ್ನು ನೋವು ಅಂದೆ, ಬೆನ್ನು ನೋಡಿರು. ಅವ್ರು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಆಗ ಗಂಟು ಕೋಳಿಮೊಟ್ಟೆಯಷ್ಟಾಗಿತ್ತು. ಅದರ ಮೇಲಿನ ಚರ್ಮ ಒಳಗೆ ಎಳೆದುಕೊಂಡದ್ದನ್ನು ಕಮಲಿ ಕಣ್ಣಾರೆ ಕಂಡಿದ್ದಳು. ಆದರೂ ಅವಳ ಬಾಯಿಂದ ಬಂದದ್ದು, "ಹಂಗಾರೆ ಒಳ್ಳೇದಾತು ಅತ್ತಿಗೆ." ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ರಿಪೋರ್ಟಿನ ಆ ಒಂಬತ್ತನ್ನು ಇಬ್ಬರೂ, ಮುಳುಗುವವರು ಹಲಗೆ ಹಿಡಿದ ಹಾಗೆ, ಹಿಡಿದುಕೊಂಡರು.

ಎಂಟನೆಯ ಪುಡಿ ಮುಗಿದ ಮರುದಿನ ಮಾದೇವಿ ಮತ್ತೆ ಬಂದಳು. ಆವತ್ತು ಅವಳು ಯಾರ ನಡಿಗೆಯನ್ನೂ ನಡೆದು ತೋರಿಸಲಿಲ್ಲ. ಹೊಸ್ತಿಲಲ್ಲೇ ಕೂತು ಕೇಳಿದಳು:

"ಕಮಲೀ, ನಾಳೆ ಹೋಗ್ವನ? ಎಲ್ಲಾ ಹೇಳ್ಬಿಡ್ತೆ."

ಕಮಲಿ ಒಳಗೊಳಗೇ ಲೆಕ್ಕ ಹಾಕಿದಳು. ಹೋದರೆ ಎಲ್ಲ ಹೊರಬೀಳುತ್ತದೆ. ಒಂದೂವರೆ ವರ್ಷ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆಯಾ ಎಂದು ಅಣ್ಣ ಕೇಳುತ್ತಾನೆ.

"ಹುಡ್ಗಿ ಇನ್ನೆಂಟು ತಂದಾಳಲ್ಲ," ಎಂದಳು. "ಅದೊಂದು ಮುಗೀಲಿ."

ಮಾದೇವಿ "ಆತು" ಎಂದು ಎದ್ದಳು. ನಾಲ್ಕು ವಾರ ಕಳೆದು ಶೆಡ್ಡಿನಲ್ಲಿ ಸೀಗಡಿಯ ಕ್ರೇಟು ಎತ್ತುವಾಗ ಅವಳ ತೊಡೆಯ ಮೂಳೆ ಮುರಿಯಿತು. ಒಣಕೊಂಬೆ ಮುರಿದ ಹಾಗೆ ಕೇಳಿಸಿತು ಎಂದು ಪಕ್ಕದಲ್ಲಿದ್ದವರು ಹೇಳಿದರು.

*

ಎರಡು ಗಂಟೆಗೆ ಚಟ್ಟ ಎತ್ತಿದರು. ದಿನೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ದಾಸ ಹೊರಡುವಾಗ ಒಂದು ಕ್ಷಣ ಒಳಗೆ ತಿರುಗಿ ನೋಡಿದ, ಏನೋ ಮರೆತವನಂತೆ. ಗಂಡಸರು ಅಳಿವೆಯ ಕಡೆ, ಗಾಳಿಮರಗಳ ಆಚೆ ಮರೆಯಾಗುವ ತನಕ ಹೆಂಗಸರು ಬೇಲಿಯ ದಣಪೆಯ ಹತ್ತಿರ ನಿಂತು ಅತ್ತರು. ಆಮೇಲೆ ನೆರೆಯವರು ಹೊರಟರು. ಸುಚಿತಾ ಸಗಣಿ ನೀರು ಹಾಕಿ ಚಾವಡಿ ಸಾರಿಸತೊಡಗಿದಳು.

ದೀಪಿಕಾ ಅಡುಗೆಮನೆಯಲ್ಲಿ, ತಣ್ಣಗಿದ್ದ ಒಲೆಯ ಮುಂದೆ ಕೂತಿದ್ದಳು. ಮಡಿಲಲ್ಲಿ ಉಳಿದ ನಾಲ್ಕು ಪುಡಿಯ ಪೊಟ್ಟಣಗಳಿದ್ದವು.

"ಹನ್ನೆರಡು ಭಾನುವಾರ ಅತ್ತೆ," ಎಂದಳು, ಕಮಲಿ ಒಳಗೆ ಬಂದದ್ದು ಕಂಡು. "ಸಕ್ಕರೆ ಹಾಕಿ ಕೊಡ್ತಿದ್ದೆ. ಮಗಳು ಔಷಧಿ ಕಲ್ತಾಳೆ ಅಂತ ಹೇಳ್ಕಂಡು ಕುಡೀತಿತ್ತು. ನಾನೇ ಕೊಂದೆ ಅಲ್ದ?"

"ಅಲ್ಲ."

"ಸಮಾಧಾನ ಹೇಳ್ಬೇಡ."

"ಸಮಾಧಾನ ಅಲ್ಲ." ಕಮಲಿ ಗೋಡೆಗೆ ಕೈಯೂರಿ ಕೆಳಗೆ ಕೂತಳು. "ನಿಮ್ಮಮ್ಮಂಗೆ ಗೊತ್ತಿತ್ತು. ಪುಡಿ ಬರೂಕ್ಕಿಂತ ಮುಂಚೆ, ದಿನೇಶನ ಮದ್ವೆಗಿಂತ ಮುಂಚೆ ಗೊತ್ತಿತ್ತು. ನಂಗೆ ತೋರ್ಸಿತ್ತು."

ಚಾವಡಿಯಲ್ಲಿ ಸಾರಿಸುವ ಸದ್ದು ನಿಂತಿತು.

"ನಿಂಗೆ ಗೊತ್ತಿತ್ತು," ಎಂದಳು ದೀಪಿಕಾ, ಪಾಠ ಒಪ್ಪಿಸುವಂತೆ.

"ಗೊತ್ತಿತ್ತು."

"ಅಮ್ಮ ಯಾಕೆ ಹೇಳ್ಲಿಲ್ಲ? ಎಂತ ಹೇಳ್ತು ನಿಂಗೆ?"

ನಿನ್ನ ಮದುವೆಗಾಗಿ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಕಮಲಿ ಹುಡುಗಿಯ ಮುಖ ನೋಡಿದಳು. ಇಪ್ಪತ್ತನಾಲ್ಕು ವರ್ಷ, ಅತ್ತು ಬಾತ ಕಣ್ಣು. ಒಂದು ಕಲ್ಲು ಇಳಿಸಿ ಇನ್ನೊಂದು ಹೊರಿಸುವುದೇ?

"ನಾಚ್ಕೆ ಅಂತು," ಎಂದಳು. "ಗಂಡಸ್ ಡಾಕ್ಟ್ರಿಗೆ ಹೆಂಗೆ ತೋರ್ಸೂದು ಅಂತು." ಇನ್ನುಳಿದದ್ದಕ್ಕೆ ಸುಳ್ಳು ಬೇಕಿರಲಿಲ್ಲ. "ಕಡೆಗೆ ಎಂಟು ಪುಡಿ ಮುಗ್ದಾಗ ಹೋಗ್ವನ ಅಂತ ಕೇಳ್ತು. ಇನ್ನೆಂಟು ಮುಗೀಲಿ ಅಂದೋಳು ನಾನು. ನನ್ನ ಹೆದ್ರಿಕೆಗೆ ಅಂದದ್ದು. ನಿಂದೆಂತ ತಪ್ಪಿಲ್ಲ ತಂಗಿ."

ದೀಪಿಕಾ ಪೊಟ್ಟಣಗಳನ್ನು ಒಂದೊಂದಾಗಿ ಒಲೆಯ ಬೂದಿಗೆ ಹಾಕಿದಳು.

"ಬೆಳಗ್ಗೆ ಅಮ್ಮನ ಮುಖಕ್ಕೆ ಅರಿಶಿನ ಹಚ್ಚಿದ್ಯಲ್ಲ," ಎಂದಳು. "ಅದೇ ಕೈಯಲ್ಲಿ."

ಕಮಲಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹೋಗು ಅತ್ತೆ. ಅಪ್ಪ ಬರೂದ್ರೊಳಗೆ ಹೋಗು. ಅಂವಂಗೆ ನಾನು ಹೇಳ್ತೆ."

ಕಮಲಿ ಎದ್ದಳು. ಚಾವಡಿಯಲ್ಲಿ ಸುಚಿತಾ ಒದ್ದೆ ನೆಲದ ಒಂದು ಬದಿಗೆ ಸರಿದು ದಾರಿ ಬಿಟ್ಟಳು, ಮುಖ ಎತ್ತಲಿಲ್ಲ. ದಣಪೆ ದಾಟಿದಳು. ಅಲ್ಲೇ, ಬೇಲಿಯ ಹೊರಗೆ, ಕಲ್ಲಿನ ಮೇಲೆ ಕೂತಳು. ಗಾಳಿಮರಗಳ ಮೇಲೆ ಹೊಗೆ ಎದ್ದು, ಕಡಲ ಗಾಳಿಗೆ ಬಾಗಿ, ಊರಿನ ಕಡೆಗೇ ಬರುತ್ತಿತ್ತು. ಎಷ್ಟು ಹೊತ್ತು ಕೂತಳೋ. ಹೊಗೆ ತೆಳುವಾದಾಗ, ಬೆಳಗ್ಗೆ ಮೀಯಿಸುವಾಗ ಒದ್ದೆಯಾಗಿ ಬದಲಿಸಿದ ತನ್ನ ಸೀರೆ ಬಚ್ಚಲಿನ ಮುಂದಿನ ಹಗ್ಗದಲ್ಲೇ ಉಳಿಯಿತೆಂದು ನೆನಪಾಗಿ ಹಿತ್ತಲಿನಿಂದ ಸುತ್ತಿ ಹೋದಳು.

ಬಚ್ಚಲಿನೊಳಗೆ ನೀರು ಹೊಯ್ದುಕೊಳ್ಳುವ ಸದ್ದಿತ್ತು. ಸೀರೆಗೆ ಕೈಹಾಕುವಾಗ ಆ ಸದ್ದು ನಿಂತಿತು. ಬಾಗಿಲಿನ ಹಲಗೆ ಬಿರುಕು ಬಿಟ್ಟಿತ್ತು. ದೀಪಿಕಾ ಒದ್ದೆ ಲಂಗ ಎದೆಯಿಂದ ಕೆಳಗಿಳಿಸಿ ನಿಂತಿದ್ದಳು. ಎಡಗೈ ಮಡಚಿ ತಲೆಯ ಹಿಂದೆ ಇಟ್ಟುಕೊಂಡು, ಬಲಗೈಯ ಮೂರು ಬೆರಳು ಜೋಡಿಸಿ, ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸು ಹೇಳಿಕೊಟ್ಟಂತೆ, ಕಂಕುಳಿನಿಂದ ಎಡಮೊಲೆಯ ಸುತ್ತಲೂ ಒತ್ತಿ ಒತ್ತಿ ನೋಡುತ್ತಿದ್ದಳು. ಕಣ್ಣುಗಳು ಮುಚ್ಚಿದ್ದವು.

ಕಮಲಿ ತಟ್ಟನೆ ಬೆನ್ನು ತಿರುಗಿಸಿದಳು. ಕಾಲಡಿಯ ತೆಂಗಿನ ಗರಿ ಸದ್ದು ಮಾಡಿತು.

"ಯಾರದು?"

"ನಾನು."

"ಹೋಗು ಅಂದೆ ಅಲ್ದ."

"ಹೋಗ್ತೆ."

ಅಳಿವೆಯ ಕಡೆಯಿಂದ ಗಂಡಸರ ಮಾತು ಹತ್ತಿರವಾಯಿತು. ಮುಂದಿದ್ದ ಪಾಂಡು ಕಾಲು ತೊಳೆಯಲೆಂದು ಹಿತ್ತಲಿನ ಬಾವಿಯತ್ತ ತಿರುಗಿದ. ಬಚ್ಚಲಿನ ಬಾಗಿಲಿಗೆ ಚಿಲಕವಿರಲಿಲ್ಲ. ಕಮಲಿ ಅದಕ್ಕೆ ಬೆನ್ನು ಕೊಟ್ಟು ನಿಂತು, ಅಲ್ಲೇ ನಿಲ್ಲು ಎಂದು ಅವನಿಗೆ ಕೈ ಮಾಡಿದಳು. ಪಾಂಡು ನಿಂತ. ಅವನ ಹಿಂದೆ ದಾಸ ನಿಂತ, ದಿನೇಶ ನಿಂತ. ಬೆರಳಿಗೇನೂ ಸಿಗದಿದ್ದರೆ ಹುಡುಗಿ ಮತ್ತೆ ನೀರು ಹೊಯ್ದುಕೊಳ್ಳುತ್ತಾಳೆ ಎಂದು ಕಮಲಿ ಹಂಡೆಗೆ ತಂಬಿಗೆ ತಾಗುವ ಸದ್ದಿಗೆ ಕಿವಿಗೊಟ್ಟಳು. ಒಳಗೆ ನೀರು ಅಲುಗಲಿಲ್ಲ.